ಡಬ್ಲ್ಯೂಎಎಸ್ ವಂಶವಾಹಿ

ಮಾನವನ ಎಕ್ಸ್ ವರ್ಣತಂತುವಿನ ಗಿಡ್ಡ ಭುಜದಲ್ಲಿ ನೆಲೆಗೊಂಡು, ರಕ್ತಕಣಗಳ ಒಳಪಂಜರವನ್ನು ನಿಯಂತ್ರಿಸತಕ್ಕ 502 ಅಮೈನೋ ಆಮ್ಲಗಳ ಪ್ರೋಟೀನೊಂದಕ್ಕೆ ಕಾರಣವಾದ ವಂಶವಾಹಿ. ಇದರ ಇತಿಹಾಸವು ವಂಶವಾಹಿಯಿಂದಲ್ಲ, ಇದು ಕೆಟ್ಟಾಗ ಉಂಟಾಗುವ ರೋಗದಿಂದ ಆರಂಭವಾಗುತ್ತದೆ. 1937ರಲ್ಲಿ ಮ್ಯೂನಿಕ್ಕಿನ ಶಿಶುವೈದ್ಯ ಆಲ್ಫ್ರೆಡ್ ವಿಸ್ಕಾಟನು, ಒಂದೇ ಮನೆಯ ಮೂವರು ಗಂಡುಮಕ್ಕಳು ರಕ್ತಭೇದಿ, ಇಸಬು, ಕಿವಿಸೋರುವಿಕೆಗಳಿಂದ ನರಳಿದರೂ ಅವರ ಸೋದರಿಯರು ಆರೋಗ್ಯವಾಗಿಯೇ ಇದ್ದುದನ್ನು ಬರೆದಿಟ್ಟನು. 1954ರಲ್ಲಿ ಅಮೆರಿಕದ ರಾಬರ್ಟ್ ಆಲ್ಡ್ರಿಚ್, ಡಚ್ ಮೂಲದ ಕುಟುಂಬವೊಂದರ ವಂಶಾವಳಿಯನ್ನು ಬಿಡಿಸಿ, ತಾಯಂದಿರು ತಾವು ನರಳದೆಯೇ ಈ ರೋಗವನ್ನು ಪುತ್ರರಿಗೆ ದಾಟಿಸುವರೆಂದು ತೋರಿಸಿದನು.

ನಂದಾವರದ ಬಂಗರು, ವೇಣೂರಿನ ಅಜಿಲರು, ಮೂಡುಬಿದಿರೆಯ ಚೌಟರು ಅಳಿಯಸಂತಾನದ ಕಟ್ಟಿನಂತೆ ಪಟ್ಟವೇರಿದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯವರಿಗೆ ಈ ದಾರಿ ಅಪರಿಚಿತವಲ್ಲ: ಇಲ್ಲಿ ಬಳಿಯು, ಎಂದರೆ ಕುಲವು, ತಾಯಿಯಿಂದ ಬರುತ್ತದೆ, ಹಕ್ಕು ಸೋದರಮಾವನಿಂದ ಅಳಿಯನಿಗೆ ಸಲ್ಲುತ್ತಿತ್ತು, ರೋಗಪೀಡಿತ ಬಾಲಕನ ಜೊತೆಗಾರನನ್ನು ಹುಡುಕುವವನೂ ತಂದೆಯ ಮನೆಯನ್ನು ಬಿಟ್ಟು ಸೋದರಮಾವನ ಮನೆಗೇ ಹೋಗಬೇಕು. ಸಾಮ್ಯವು ಪೂರ್ಣವೇನಲ್ಲ. ಪೀಡಿತನಾದ ತಂದೆಯಿಂದ ಈ ವಂಶವಾಹಿ ಮಗಳಿಗೆ ದಾಟುತ್ತದೆ, ಬಳಿ ದಾಟದು.

ವಂಶವಾಹಿಯನ್ನೇ ಬೇರ್ಪಡಿಸಿದವರು 1994ರಲ್ಲಿ ಡೆರ್ರಿ, ಆಕ್ಸ್, ಫ್ರಾಂಕೆ ಮೊದಲಾದವರು. ಅದರ ಪ್ರೋಟೀನಿನ ಕೆಲಸವು ಅನಂತರದ ಐದಾರು ವರ್ಷಗಳಲ್ಲಿ ತಿಳಿಯಿತು. ಸಿಡಿಸಿ42 ಎಂಬ ಅಣುವಿನಿಂದ ಸಂಜ್ಞೆ ಪಡೆದೊಡನೆ ಇದು ಮಡಿಕೆಯನ್ನು ಬಿಚ್ಚಿ, ಏಳು ಘಟಕಗಳ ಆರ್ಪ್2/3 ಕೂಟವನ್ನು ಎಚ್ಚರಿಸುತ್ತದೆ. ಆ ಕೂಟವು ಒಳಪಂಜರದ ಹಳೆಯ ಆಕ್ಟಿನ್ ಎಳೆಯ ಪಾರ್ಶ್ವದಲ್ಲಿ ಸುಮಾರು 70 ಅಂಶ ಓರೆಯಾಗಿ ಹೊಸ ಕವಲನ್ನು ಒಡೆಯಿಸುತ್ತದೆ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಸ್ತ್ರೀಯರು ಕೈಕಾಲು ಹೆಣೆದು ಒಂದು ಆನೆಯಾಗಿರುವ ನವನಾರೀಕುಂಜರವನ್ನು ಕಂಡವರಿಗೆ, ಬಿಡಿ ಅಣುಗಳು ಕೂಡಿ ಕೋಶಕ್ಕೆ ಆಕೃತಿ ಕೊಡುವ ಬಗೆಯನ್ನು ಹೆಚ್ಚು ವಿವರಿಸಬೇಕಿಲ್ಲ. ಭೇದವಿಷ್ಟೆ, ಕೋಶದ ಆನೆಯು ಕ್ಷಣಕ್ಷಣಕ್ಕೂ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಹೆಣಿಗೆ ಕೆಟ್ಟಲ್ಲಿ ಬಿಳಿಯ ರಕ್ತಕಣಗಳು ಸೋಂಕಿನೆಡೆಗೆ ಸರಿಯಾಗಿ ಚಲಿಸಲಾರವು, ಪ್ಲೇಟ್‌ಲೆಟ್‌ಗಳು ಗಾತ್ರದಲ್ಲಿಯೂ ಸಂಖ್ಯೆಯಲ್ಲಿಯೂ ಕುಗ್ಗುವುವು.

ಚಿಕಿತ್ಸೆಯು ವಂಶವಾಹಿಯ ಶೋಧಕ್ಕಾಗಿ ಕಾಯಲಿಲ್ಲ. 1968ರಲ್ಲಿಯೇ ಅಸ್ಥಿಮಜ್ಜೆಯ ಕಸಿ ಪ್ರಯೋಗಕ್ಕೆ ಬಂದಿತ್ತು. 2006ರಲ್ಲಿ ಸಂಶೋಧಕರು ವಿಸ್ಕಾಟನು ಕಂಡ ಅದೇ ಕುಟುಂಬವನ್ನು ಮರಳಿ ಪರೀಕ್ಷಿಸಿ, ವಂಶವಾಹಿಯ ಪ್ರಥಮ ಖಂಡದಲ್ಲಿ ಎರಡೇ ಎರಡು ಅಕ್ಷರಗಳು ಲೋಪವಾಗಿದ್ದುದನ್ನು ಗುರುತಿಸಿದರು.