ಮೇದೋಜೀರಕದ ಉರಿಯೂತವೂ ಆಹಾರದ ಉತ್ಕರ್ಷಣನಿರೋಧಕಗಳೂ

ಮೇದಸ್ಸನ್ನು ಜೀರ್ಣಗೊಳಿಸತಕ್ಕುದು ಎಂಬುದೇ ‘ಮೇದೋಜೀರಕ’ ಶಬ್ದದ ಅವಯವಾರ್ಥ. ಪ್ರಾಚೀನ ವೈದ್ಯಸಂಹಿತೆಗಳಲ್ಲಿ ಈ ಗ್ರಂಥಿಯನ್ನು ನಿಸ್ಸಂದೇಹವಾಗಿ ಹೇಳುವ ಶಬ್ದವು ದೊರೆಯುವುದಿಲ್ಲ. ‘ಕ್ಲೋಮ’ವೇ ಇದೆಂದು ಕೆಲವರು ವಾದಿಸಿರುವರು. ಆದರೆ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಕ್ಲೋಮವು ತಾಲುವಿನೊಡನೆ ಉದಕವಹ ಸ್ರೋತಸ್ಸುಗಳ ಮೂಲವೆಂದು ಉಕ್ತವಾಗಿದೆ. ಅಲ್ಲಿಯ ಪ್ರಸಕ್ತಿಯು ತೃಷೆಯದೇ ಹೊರತು ಮೇದಸ್ಸಿನ ಪಚನದ್ದಲ್ಲ. ಆದುದರಿಂದ ಈ ಗ್ರಂಥಿಯ ಚರಿತ್ರೆಯನ್ನು ಸಂಹಿತೆಗಳಿಂದ ತೊಡಗುವುದು ಯುಕ್ತವಲ್ಲ.

ಗ್ರೀಕರು ಇದನ್ನು ‘ಪ್ಯಾಂಕ್ರಿಯಾಸ್’, ಎಂದರೆ ಸರ್ವಮಾಂಸಮಯವಾದುದು, ಎಂದು ಕರೆದರು. 1642ರಲ್ಲಿ ಪಾದುವಾ ನಗರದಲ್ಲಿ ವಿರ್ಸುಂಗನು ಇದರ ನಾಳವನ್ನು ಕಂಡನು. ಇದರ ರಸವು ಕೊಬ್ಬನ್ನು ಪಚನ ಮಾಡುವುದೆಂಬುದನ್ನು ಫ್ರಾನ್ಸಿನ ಕ್ಲೋದ್ ಬರ್ನಾರನು ಪ್ರಯೋಗಗಳಿಂದ ಸ್ಥಾಪಿಸಿ 1856ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಕನ್ನಡದ ಹೆಸರು ಈ ಸಿದ್ಧಾಂತಕ್ಕೆ ಅನುಗುಣವಾಗಿಯೇ ಇದೆ. 1889ರಲ್ಲಿ ಬಾಸ್ಟನ್ನಿನ ಫಿಟ್ಸನು ಗ್ರಂಥಿಯ ತೀವ್ರ ಉರಿಯೂತವನ್ನು ಲಕ್ಷಣಸಹಿತವಾಗಿ ವರ್ಣಿಸಿದನು. 1896ರಲ್ಲಿ ಕಿಯಾರಿ ಎಂಬವನು, ಗ್ರಂಥಿಯು ತನ್ನ ರಸದಿಂದ ತನ್ನನ್ನೇ ಪಚನ ಮಾಡಿಕೊಳ್ಳುವುದೇ ಈ ರೋಗವೆಂದು ಪ್ರತಿಪಾದಿಸಿದನು. ಕರುಳನ್ನು ಸೇರಿದ ಮೇಲೆ ಎಚ್ಚರಗೊಳ್ಳಬೇಕಾದ ರಸವು ಮನೆಯೊಳಗೇ ಏಕೆ ಉರಿಯೇಳುವುದು? ಈ ಪ್ರಶ್ನೆಯು ಮಾತ್ರ ಉಳಿಯಿತು.

ಉಷ್ಣದೇಶಗಳಲ್ಲಿ ಪ್ರಶ್ನೆಯು ಬೇರೊಂದು ರೂಪವನ್ನು ತಾಳಿತು. ಮದ್ಯವನ್ನರಿಯದ ಬಡ ಬಾಲಕರಿಗೆ ಹೊಟ್ಟೆಶೂಲೆ, ಗ್ರಂಥಿಯಲ್ಲಿ ಕಲ್ಲುಗಳು, ಯೌವನದಲ್ಲಿಯೇ ಮಧುಮೇಹ: ಇಂತಹ ರೋಗಿಗಳನ್ನು 1959ರಲ್ಲಿ ಜುಯಿಡೆಮಾ ಎಂಬವನು ಇಂಡೋನೇಷ್ಯದಿಂದ ವರದಿ ಮಾಡಿದನು. ಕೇರಳದಲ್ಲಿ ಗೀವರ್ಗೀಸರು ನೂರಾರು ರೋಗಿಗಳನ್ನು ಪರೀಕ್ಷಿಸಿ 1968ರಲ್ಲಿ ಗ್ರಂಥವನ್ನು ಬರೆದರು. ಮರಗೆಣಸಿನಲ್ಲಿರುವ ಸಯನೈಡ್ ವಿಷವು ಕಾರಣವಿರಬಹುದೆಂದು 1979ರಲ್ಲಿ ಮ್ಯಾಕ್‌ಮಿಲನ್ನನೂ ಗೀವರ್ಗೀಸರೂ ಸೂಚಿಸಿದರು. ಈ ವಿಷವನ್ನು ಶಮನಗೊಳಿಸಲು ದೇಹಕ್ಕೆ ಗಂಧಕಯುಕ್ತವಾದ ಅಮೈನೋ ಆಮ್ಲಗಳು ಬೇಕು. ಬಡವನ ಊಟದಲ್ಲಿ ಅವೇ ಅಲ್ಪ. ಆದರೆ ಮರಗೆಣಸನ್ನು ತಿನ್ನದ ಪ್ರಾಂತಗಳಲ್ಲಿಯೂ ಈ ರೋಗವು ಕಂಡುಬಂದುದರಿಂದ ಮತವು ಪೂರ್ಣವಾಗಿ ನಿಲ್ಲಲಿಲ್ಲ.

1983ರಲ್ಲಿ ಮ್ಯಾಂಚೆಸ್ಟರಿನ ಜೋನ್ ಬ್ರಗಾಂಜಾ ಎಂಬ ವೈದ್ಯೆಯು ವ್ಯಾಪಕವಾದ ಮತವೊಂದನ್ನು ಮುಂದಿಟ್ಟರು. ಮದ್ಯ, ಹೊಗೆ ಮೊದಲಾದ ಪರದ್ರವ್ಯಗಳನ್ನು ದೇಹವು ಶೋಧಿಸುವಾಗ ಉಗ್ರವಾದ ಉತ್ಕರ್ಷಣಕಾರಿ ಕಣಗಳು ಹುಟ್ಟುವುವು. ಅವನ್ನು ಅಡಗಿಸುವ ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕ್ಯಾರೋಟಿನ್, ಸೆಲೆನಿಯಂ, ಮೆಥಿಯೊನೀನ್ ಎಂಬುವು ಆಹಾರದಲ್ಲಿ ಸಾಲದಿದ್ದರೆ ಗ್ರಂಥಿಯ ಜೀವಕೋಶಗಳು ನೊಂದು, ರಸದ ಹೊರಹರಿವು ತಡೆಯಲ್ಪಟ್ಟು, ಉರಿಯೂತವುಂಟಾಗುವುದು. ಮದ್ಯಪಾಯಿಯ ರೋಗಕ್ಕೂ ಬಡಬಾಲಕನ ರೋಗಕ್ಕೂ ಒಂದೇ ಸೂತ್ರವನ್ನು ಹೊಂದಿಸಿದುದು ಈ ಮತದ ವಿಶೇಷ.

ಮತದ ಬಲಾಬಲವು ಪರೀಕ್ಷೆಯಿಂದ ತಿಳಿಯಬೇಕಷ್ಟೆ. ಹೊಸದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು 127 ಮಂದಿ ದೀರ್ಘರೋಗಿಗಳನ್ನು ಎರಡು ಪಂಗಡವಾಗಿಸಿ, ಒಂದಕ್ಕೆ ಈ ದ್ರವ್ಯಗಳ ಗುಳಿಗೆಯನ್ನೂ ಮತ್ತೊಂದಕ್ಕೆ ತೋರಿಕೆಯ ಗುಳಿಗೆಯನ್ನೂ ಆರು ತಿಂಗಳು ಕೊಟ್ಟು, 2009ರಲ್ಲಿ ಫಲವನ್ನು ಪ್ರಕಟಿಸಿದರು. ನೋವಿಲ್ಲದಂತಾದವರು ಮೊದಲನೆಯದರಲ್ಲಿ ನೂರಕ್ಕೆ 32, ಎರಡನೆಯದರಲ್ಲಿ 13. ಆದರೆ 2012ರಲ್ಲಿ ಮ್ಯಾಂಚೆಸ್ಟರಿನಿಂದಲೇ ಪ್ರಕಟವಾದ 70 ರೋಗಿಗಳ ಪರೀಕ್ಷೆಯಲ್ಲಿ ರಕ್ತದಲ್ಲಿ ಈ ದ್ರವ್ಯಗಳು ಹೆಚ್ಚಿದರೂ ನೋವು ತಗ್ಗಲಿಲ್ಲ. ದಿಲ್ಲಿಯ ರೋಗಿಗಳು ತರುಣರು. ಮ್ಯಾಂಚೆಸ್ಟರಿನವರು ಹೆಚ್ಚಾಗಿ ಮಧ್ಯವಯಸ್ಕರು, ಮದ್ಯ ಮತ್ತು ಧೂಮಪಾನಗಳ ಅಭ್ಯಾಸವುಳ್ಳವರು. ಫಲಭೇದಕ್ಕೆ ಇದೇ ಕಾರಣವಾಗಿರಬಹುದು. ನಡುವೆ 2002ರಲ್ಲಿ, ಉಷ್ಣದೇಶದ ಈ ರೋಗಿಗಳಲ್ಲಿ ಅನೇಕರಿಗೆ ‘ಸ್ಪಿಂಕ್ 1’ ಎಂಬ ವಂಶಬೀಜದಲ್ಲಿ ವ್ಯತ್ಯಾಸವಿರುವುದು ತಿಳಿಯಿತು. ಆದುದರಿಂದ ಆಹಾರವೊಂದೇ ಕಾರಣವೆನ್ನಲಾಗದು.

ಇಷ್ಟರಿಂದ ಎರಡು ಸಂಗತಿಗಳು ಸಿದ್ಧವಾಗುವುವು. ಪರೀಕ್ಷಿತವಾದುದು ನಿಯತಪ್ರಮಾಣದ ಗುಳಿಗೆಯೇ ಹೊರತು ನೆಲ್ಲಿಕಾಯಿಯಾಗಲಿ ಸೊಪ್ಪಾಗಲಿ ಅಲ್ಲ. ಅವು ಈ ರೋಗವನ್ನು ತಡೆಯುವುವೆಂದು ಈ ಪರೀಕ್ಷೆಗಳಿಂದ ಹೇಳಲಾಗದು. ಚರಕನ ರಸಾಯನಾಧ್ಯಾಯದಲ್ಲಿ ಆಮಲಕಕ್ಕೆ ಅಗ್ರಸ್ಥಾನವಿರುವುದನ್ನು ಕಂಡು ಉತ್ಕರ್ಷಣನಿರೋಧದ ತತ್ತ್ವವು ಅಲ್ಲಿಯೇ ಇತ್ತೆನ್ನುವುದೂ, ಕ್ಲೋಮವನ್ನು ಮೇದೋಜೀರಕವೆನ್ನುವುದೂ ಒಂದೇ ಬಗೆಯ ತಪ್ಪು. ಪೂರ್ವರು ಹೇಳದುದನ್ನು ಅವರ ಬಾಯಲ್ಲಿ ಹೇಳಿಸುವುದರಿಂದ ಅವರ ಗೌರವವು ಹೆಚ್ಚದು. ನೋವಿನಿಂದ ಬಳಲುವ ರೋಗಿಗೂ ಅದರಿಂದ ಉಪಕಾರವಿಲ್ಲ. ಶಾಸ್ತ್ರವು ಸಂಶಯವೆಂದುದನ್ನು ಸಂಶಯವೆಂದೇ ಬರೆದಿಡುವುದು ಚರಿತ್ರಕಾರನ ಧರ್ಮ.