ಸಂರಕ್ಷಿತ ಪ್ರದೇಶಗಳು ಮತ್ತು ಜೀವವೈವಿಧ್ಯ: ಚಿಕ್ಕೋಡಿ ಸೀಮೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗೆ ನೀರುಣಿಸುವ ನದಿಗಳು ಸಹ್ಯಾದ್ರಿಯಿಂದ ಇಳಿದು ಬರುತ್ತವೆ. ಅಲ್ಲಿ ಕೊಲ್ಹಾಪುರದ ಅರಸರು ಬೇಟೆಗೆ ಕಾಯ್ದಿರಿಸಿದ್ದ ದಾಜೀಪುರದ ಕಾಡು 1958ರಲ್ಲಿ ಕಾಡುಕೋಣಗಳ ಅಭಯಾರಣ್ಯವಾಯಿತು. ಮುಂದೆ ವಿಸ್ತಾರಗೊಂಡು ರಾಧಾನಗರಿ ವನ್ಯಜೀವಿಧಾಮವೆನಿಸಿತು. ಕೊಯ್ನಾ, ಚಾಂದೋಲಿ ಕಾಡುಗಳು ಸೇರಿ 2010ರಲ್ಲಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ ರೂಪುಗೊಂಡಿತು. 2012ರಲ್ಲಿ ಈ ಮೂರೂ ಕಾಡುಗಳು ಪಶ್ಚಿಮ ಘಟ್ಟದ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿದವು.

ಇಂಥ ರಕ್ಷಣೆ ಎಷ್ಟು ಫಲ ಕೊಡುತ್ತದೆ ಎಂಬ ಪ್ರಶ್ನೆಗೆ ಉಷ್ಣವಲಯದಲ್ಲಿ ಎರಡು ದೊಡ್ಡ ಅಧ್ಯಯನಗಳು ಉತ್ತರ ಹುಡುಕಿವೆ. 22 ದೇಶಗಳ 93 ಉದ್ಯಾನಗಳನ್ನು ನೋಡಿದ 2001ರ ಅಧ್ಯಯನದ ಪ್ರಕಾರ, ಕಾಡು ಕಡಿದು ಹೊಲ ಮಾಡುವುದನ್ನು ಗಡಿಗಳು ಚೆನ್ನಾಗಿಯೇ ತಡೆದಿದ್ದವು. ಬೇಟೆ, ಬೆಂಕಿ, ಮೇಯಿಸುವಿಕೆಯನ್ನು ಅಷ್ಟಾಗಿ ತಡೆದಿರಲಿಲ್ಲ. 60 ಕಾಡುಗಳ ಕುರಿತ 2012ರ ಅಧ್ಯಯನವು ಸುಮಾರು ಅರ್ಧದಷ್ಟು ಕಡೆ ಜೀವವೈವಿಧ್ಯ ಕುಸಿಯುತ್ತಿರುವುದನ್ನು ಗುರುತಿಸಿತು. ಗಡಿಯ ಹೊರಗಿನ ಬದಲಾವಣೆಗಳು ಒಳಗಿನ ಬದುಕನ್ನೂ ಕೆಡಿಸುತ್ತಿದ್ದವು.

ಬಯಲುಸೀಮೆಯ ಹುಲ್ಲುಗಾವಲಿಗೆ ರಕ್ಷಣೆ ದೊರೆತದ್ದು ಕಡಿಮೆ, ದೊರೆತಲ್ಲೂ ಅದು ಎಡವಿದ್ದುಂಟು. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಧಾಮದಲ್ಲಿ ಕೃಷ್ಣಮೃಗಗಳು ಹೆಚ್ಚಿದವು. ಆದರೆ ತೆರೆದ ಬಯಲಿನಲ್ಲಿ ನೀಲಗಿರಿ ಬೆಳೆಸಿದ್ದರಿಂದ ದೊರವಾಯನ ಹಕ್ಕಿ ನೆಲೆ ಕಳೆದುಕೊಂಡಿತು. ಬಯಲನ್ನು ಪಾಳು ಎಂದು ಕಂಡ ಆ ತಪ್ಪಿಗೆ ಅಪರೂಪದ ಹಕ್ಕಿಯೊಂದು ಬೆಲೆ ತೆತ್ತಿತು. ಕುರುಚಲು ಕಾಡಿಗೇ ಬೆಲೆ ಕೊಟ್ಟು ಬಾಗಲಕೋಟೆ ಜಿಲ್ಲೆಯಲ್ಲಿ ಯಡಹಳ್ಳಿ ಚಿಂಕಾರ ಧಾಮವನ್ನು ಘೋಷಿಸಿದ್ದು 2016ರಲ್ಲಿ.

ಘಟಪ್ರಭಾ ಪಕ್ಷಿಧಾಮದ ಕಥೆ ಬೇರೆ. 1897ರಲ್ಲಿ ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ನೀರಾವರಿಗಾಗಿ ಕಟ್ಟಿದ ಒಡ್ಡಿನ ಹಿನ್ನೀರೇ ಅದರ ತಿರುಳು. ಧಾಮವೆಂದು ಘೋಷಣೆಯಾದದ್ದು 1974ರಲ್ಲಿ. ಚಳಿಗಾಲಕ್ಕೆ ಬರುವ ಡೆಮೊಸೆಲ್ ಕ್ರೇನ್‌ಗಳು ನೀರಂಚಿನಲ್ಲಿ ರಾತ್ರಿ ಕಳೆದು ಹಗಲಲ್ಲಿ ಹೊಲಗಳಿಗೆ ಮೇಯಲು ಹೋಗುತ್ತವೆ. ಸುತ್ತಲ ರೈತರ ಬೆಳೆ ಪದ್ಧತಿ ಬದಲಾದರೆ ಧಾಮದ ಗಡಿ ಅವುಗಳನ್ನು ಕಾಯಲಾರದು.

ಕೃಷ್ಣಾ ನದಿಯಲ್ಲಿ ರಕ್ಷಣೆಯ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. 2019ರ ಆಗಸ್ಟ್ ನೆರೆಯಲ್ಲಿ ರಾಯಬಾಗ ತಾಲ್ಲೂಕಿನಲ್ಲಿ ಮುಳುಗಿದ ಮನೆಯೊಂದರ ಚಾವಣಿಯ ಮೇಲೆ ಮೊಸಳೆ ಬಂದು ಕುಳಿತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಮೊಸಳೆಯನ್ನು ಎಲ್ಲಿಯೂ ಕೊಲ್ಲುವಂತಿಲ್ಲ. ಆದರೆ ಅದು ಗುಂಡಿ ತೋಡಿ ಮೊಟ್ಟೆಯಿಡುವ ನದಿದಂಡೆಗೆ ಅಭಯಾರಣ್ಯದ ರಕ್ಷಣೆಯಿಲ್ಲ. ಅಲ್ಲಿ ಕಬ್ಬಿನ ಗದ್ದೆಗಳು ನೀರಂಚಿನವರೆಗೂ ಬಂದಿವೆ.