ಕಾಳಿದ್ದ ಮನೆಯಲ್ಲಿ ಬೆಕ್ಕಿತ್ತು

ನಮ್ಮ ಕಡೆಯ ಮೇಲ್ಮುದ್ದಿ, ಎಂದರೆ ಮಣ್ಣಿನ ಮಾಳಿಗೆಯ, ಮನೆಗಳನ್ನು ಕಟ್ಟಿದವರು ಬೆಕ್ಕಿಗೆಂದು ಏನನ್ನೂ ಕಟ್ಟಿಸಲಿಲ್ಲ. ಆದರೂ ಬೆಕ್ಕಿಗೆ ಬೇಕಾದದ್ದೆಲ್ಲ ಅಲ್ಲಿತ್ತು. ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಗ್ವಾದಲಿ, ಅದರಾಚೆ ಎತ್ತರದ ಪಡಸಾಲಿ. ಒಳಗೆ ಹೋದಷ್ಟೂ ಕತ್ತಲು. ಆ ಕತ್ತಲಿಗೆ ಮಾಳಿಗೆಯ ಬೆಳಕಿಂಡಿಯೊಂದೇ ಕಣ್ಣು. ಅಡುಗೆಮನೆಯ ಗೋಡೆಗುಂಟ ಅಡಕಲ ಗಡಿಗೆ, ತೊಲೆಗೆ ತೂಗುಬಿಟ್ಟ ನೆಲುವು, ಹಿತ್ತಲಲ್ಲಿ ಕಣಕಿ ಬಣವಿ. ಮನುಷ್ಯರ ಕೈಗೆ ಸಿಗದೆ, ಮನುಷ್ಯರ ಜೊತೆಗೇ ಒಂದು ಪ್ರಾಣಿ ಇಡೀ ಬಾಳು ಕಳೆಯಬಹುದಾದ ಮನೆ ಅದು. ಬಸವನ ಬಾಗೇವಾಡಿ ತಾಲ್ಲೂಕಿನ ಅಂಥ ಮನೆಯೊಂದರಲ್ಲಿ ಹುಟ್ಟಿ, ಸಿಂದಗಿ, ಇಂಡಿ ತಾಲ್ಲೂಕುಗಳ ಸಾಲಿಗಳಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು ನಾನು. ನಮ್ಮ ಮನೆಯ ಬೆಕ್ಕನ್ನು ಯಾರಾದರೂ ಎತ್ತಿಕೊಂಡದ್ದು ನನಗೆ ನೆನಪಿಲ್ಲ. ಅದು ಅಂಜುತ್ತದೆ ಎಂದು ದೂರಿದ್ದೂ ನೆನಪಿಲ್ಲ.

ಬೆಕ್ಕು ಆ ಮನೆಗಳಲ್ಲಿ ಇದ್ದದ್ದು ಜೋಳದ ಸಲುವಾಗಿ. ಡೋಣಿ ಹೊಳೆಯ ದಂಡೆಯ ಎರಿ ಹೊಲಗಳಲ್ಲಿ ಬೆಳೆದ ಬಿಳಿಜೋಳ ಕಣದಿಂದ ನೇರ ಹಗೇವಿಗೆ ಹೋಗುತ್ತಿತ್ತು. ಗಟ್ಟಿ ನೆಲದಲ್ಲಿ ಆಳಕ್ಕೆ ತೋಡಿದ ಕುಣಿ, ಮೇಲೆ ಕಿರಿದಾದ ಬಾಯಿ, ಒಳಗೆ ಅಗಲ. ತಳಕ್ಕೂ ಬದಿಗೂ ಕಣಕಿ ಹಾಸಿ ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಉಸಿರುಕಟ್ಟುವ ಗಾಳಿ ಹೋಗುವತನಕ ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಹಗೇವಿನೊಳಗಿನ ಕಾಳಿಗೆ ಇಲಿಯ ಕಾಟ ಕಡಿಮೆ. ಕಾಟವಿದ್ದದ್ದು ಮೇಲಕ್ಕೆ ತಂದು ಗುಮ್ಮಿಯಲ್ಲಿ, ಗಡಿಗೆಯಲ್ಲಿ ಇಟ್ಟ ಕಾಳಿಗೆ, ಬಿತ್ತನೆಯ ಬೀಜಕ್ಕೆ. ಬೆಕ್ಕಿನ ಕಾಯಕ ಅಲ್ಲಿಂದ ಶುರು.

ಈ ನಂಟು ನಮ್ಮದೊಂದೇ ಅಲ್ಲ. ಪಶ್ಚಿಮ ಏಷ್ಯಾದ ಮೊದಲ ಬೇಸಾಯಗಾರರ ಕಣಜಗಳಿಗೆ ಇಲಿ ಬಂದವು, ಇಲಿಯ ಬೆನ್ನಿಗೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂಳಿದ್ದ ಗೋರಿ ಸಿಕ್ಕಿರುವುದನ್ನು 2004ರಲ್ಲಿ ಪ್ರಕಟಿಸಿದರು. ಎತ್ತನ್ನು ನಾವು ಹಿಡಿದು ಪಳಗಿಸಿದೆವು. ಬೆಕ್ಕು ತಾನಾಗಿ ಹತ್ತಿರ ಬಂತು, ಎಷ್ಟು ಹತ್ತಿರ ಬರಬೇಕೆಂಬುದನ್ನೂ ತಾನೇ ನಿರ್ಧರಿಸಿತು.

ಇಲಿ ಎಂದರೇನೆಂದು ನಮ್ಮ ವಿಜಯಪುರ ಜಿಲ್ಲೆ ಎರಡು ಸಲ ಕಣ್ಣೀರು ಹಾಕಿ ಕಲಿತಿದೆ. 1876ರಿಂದ 78ರ ದೊಡ್ಡ ಬರಗಾಲದ ಹೊತ್ತಿಗೆ ಇದಿನ್ನೂ ಕಲಾದಗಿ ಜಿಲ್ಲೆ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ನಾಲ್ಕೂ ಅದರ ತಾಲ್ಲೂಕುಗಳು. ಮಂದಿ ಸತ್ತರು, ದನ ಸತ್ತವು, ಉಳಿದವರು ಊರು ಬಿಟ್ಟರು. ಬದುಕುಳಿದವರು ಮತ್ತೆ ಬಿತ್ತಿ, ತೆನೆ ಕಂಡ ಹೊತ್ತಿಗೆ ಹೊಲದ ಇಲಿಗಳು ದಂಡಾಗಿ ಎದ್ದವು. 1878–79ರಲ್ಲಿ ದಖ್ಖನ್ನಿನ ಜಿಲ್ಲೆಗಳಲ್ಲೆಲ್ಲ ಇದೇ ಪಾಡು. ಎರಿ ಭೂಮಿ ಒಣಗಿ ಬಿರಿದ ಬಿರುಕುಗಳೇ ಆ ಇಲಿಗಳಿಗೆ ಮನೆ. ಇಲಿ ಕೊಂದು ತಂದವರಿಗೆ ಸರ್ಕಾರ ಬಹುಮಾನ ಕೊಡಬೇಕಾಯಿತು.

ಎರಡನೆಯದು ಪಿಲೇಗು. 1896ರಲ್ಲಿ ಮುಂಬೈಗೆ ಬಂದ ಬೇನೆ ರೈಲು ಹಿಡಿದು ದಕ್ಷಿಣಕ್ಕೆ ಇಳಿಯಿತು. ಹೊಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಹೋಗುವ ಹಳಿ ಅಷ್ಟರಲ್ಲಾಗಲೇ ಬಿದ್ದಿತ್ತು. ಮನೆಯಲ್ಲಿ ಇಲಿ ಸತ್ತುಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದನ್ನು ಜನ ವೈದ್ಯರಿಗಿಂತ ಮೊದಲೇ ಕಲಿತರು. 1898ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ ಇಲಿಯ ಮೈಮೇಲಿನ ಚಿಗಟವೇ ಬೇನೆ ಹರಡುತ್ತದೆಂದು ತೋರಿಸಿದಾಗ ಬಹಳ ಮಂದಿ ನಂಬಲಿಲ್ಲ. ಹತ್ತು ವರ್ಷದ ಮೇಲೆ, 1908ರಲ್ಲಿ, ಅಮರಾವತಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಬುಕ್ಯಾನನ್ ಎಂಬ ವೈದ್ಯಾಧಿಕಾರಿ ಹಳ್ಳಿಗಳ ಬೆಕ್ಕುಗಳನ್ನು ಲೆಕ್ಕಹಾಕಿಸಿ, ಬೆಕ್ಕು ಹೆಚ್ಚಿರುವ ಊರಿನಲ್ಲಿ ಪ್ಲೇಗು ಕಡಿಮೆ ಎಂದು ಬರೆದರು. ಬೆಕ್ಕಿಗೂ ಪ್ಲೇಗು ತಗಲುತ್ತದೆ ಎಂಬುದು ಈಗ ಗೊತ್ತಿರುವ ಮಾತು, ಅವರ ಲೆಕ್ಕವೇ ಕೊನೆಯ ಮಾತಲ್ಲ. ಆದರೂ ಮನೆಗೊಂದು ಬೆಕ್ಕಿರಲಿ ಎಂದು ಒಬ್ಬ ಡಾಕ್ಟರು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಕಾಲವೊಂದಿತ್ತು.

ಅದನ್ನು ಓದಿದಾಗ ನನಗೆ ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಾಯಿತು. ಕೃಷ್ಣದೇವರಾಯ ಇಲಿ ಕಾಟಕ್ಕೆ ಮನೆಗೊಂದು ಬೆಕ್ಕು, ಅದರ ಹಾಲಿಗೊಂದು ಆಕಳು ಹಂಚಿದ ಕಥೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ. ನಾಲಿಗೆ ಸುಟ್ಟುಕೊಂಡ ಬೆಕ್ಕು ಮತ್ತೆಂದೂ ಹಾಲಿನ ಹತ್ತಿರ ಸುಳಿಯಲಿಲ್ಲ. ತರಗತಿಯಲ್ಲಿ ಈ ಕಥೆ ಹೇಳಿದಾಗೆಲ್ಲ ಮಕ್ಕಳು ನಕ್ಕಿದ್ದಾರೆ, ಕಥೆ ಇರುವುದೂ ನಗಲಿಕ್ಕೇ. ಆದರೆ ಅಂಜಿದ ಬೆಕ್ಕಿನ ಬಗ್ಗೆ ಅಷ್ಟು ನಿಜವಾದ ಕಥೆ ಮತ್ತೊಂದಿಲ್ಲ. ಒಂದೇ ಒಂದು ಸಲದ ನೋವು, ಅದೂ ಹೊಸ ಮನೆಗೆ ಬಂದ ಮೊದಲ ದಿನ. ಆಮೇಲೆ ಹಾಲು ತಣ್ಣಗಿದ್ದರೂ ಬೆಕ್ಕಿಗೆ ಅದನ್ನು ಹೇಳುವವರು ಯಾರು?

ನಮ್ಮ ಆಯಿಗೆ ಇದು ತಿಳಿದಿತ್ತು. ಮರಿ ಬೇಕೆಂದು ಬಂದವರಿಗೆ, ಕಣ್ಣು ಬಿಟ್ಟು ಓಡಾಡಿ, ಮಂದಿಯ ಸಪ್ಪಳಕ್ಕೆ ರೂಢಿಯಾದದ್ದನ್ನೇ ಕೊಡುತ್ತಿದ್ದಳು. ಬಣವಿಯಲ್ಲಿ ಬೆಳೆದದ್ದನ್ನು ಕೇಳಿದರೆ, ‘ಅದು ಬ್ಯಾಡವ್ವಾ, ಅದು ಬಣವಿದ. ಅಲ್ಲೇ ಇರ್ಲಿ’ ಎನ್ನುತ್ತಿದ್ದಳು. ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದೊಳಗೆ ಮನುಷ್ಯರ ಕೈ ಕಂಡ ಮರಿ ಮನುಷ್ಯರನ್ನು ನಂಬುತ್ತದೆ, ಆಮೇಲೆ ಕಷ್ಟ ಎಂದು ವಿಜ್ಞಾನಿಗಳು ಹೇಳಿದ್ದನ್ನು ನಾನು ಓದಿದ್ದು ಆಕೆ ಹೋಗಿ ಎಷ್ಟೋ ಕಾಲದ ಮೇಲೆ. ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ಮಾತೂ ಆಗ ಎಲ್ಲರ ಬಾಯಲ್ಲಿತ್ತು. ಬೆಕ್ಕು ಅಡ್ಡ ಬಂದರೆ ಕೆಲಸ ಕೆಡುತ್ತದೆ ಎಂದು ನಿಂತುಬಿಡುವವರೂ ಇದ್ದರು. ಬಸವಣ್ಣ ಹುಟ್ಟಿದ ನೆಲದಲ್ಲಿ ನಿಂತು ಶಕುನ ನೋಡುವುದು ನನಗೆ ಇಂದಿಗೂ ಸಂಕಟ ಕೊಡುತ್ತದೆ.

ಬೆಕ್ಕಿದ್ದ ಆ ಹಳೆಯ ಮನೆ ಕೆಟ್ಟದ್ದು ನಿಧಾನವಾಗಿ. ಹಗೇವು ಮುಚ್ಚಿದವು. ಕಾಳು ಕಣದಿಂದ ಎಪಿಎಂಸಿಗೆ ಹೋಗತೊಡಗಿತು, ಊಟಕ್ಕೆ ಬೇಕಾದಷ್ಟು ಮಾತ್ರ ಉಕ್ಕಿನ ಡಬ್ಬಿಯಲ್ಲಿ ಉಳಿಯಿತು. ಮೇಲ್ಮುದ್ದಿ ಬಿಚ್ಚಿ ಆರ್‌ಸಿಸಿ ಹಾಕಿದರು. ಬೆಳಕಿಂಡಿ ಹೋಯಿತು, ಜಂತಿ ಹೋಯಿತು, ಬೆಕ್ಕು ಏರಿ ಕೂರುವ ಕತ್ತಲು ಹೋಯಿತು. ಇಲಿಗೆ ಪಾಷಾಣ ಬಂತು. ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯುವುದುಂಟು.

ಇನ್ನೊಂದು ಕಡೆ ಮನೆಯೇ ಹೋಯಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಊರುಗಳಲ್ಲಿ ನನ್ನ ಸೋದರಮಾವನದೂ ಒಂದು. ಪುನರ್ವಸತಿ ಕೇಂದ್ರಕ್ಕೆ ಹೋಗುವಾಗ ಬಾಗಿಲು ಚೌಕಟ್ಟು, ತೊಲೆ, ಬೀಸುಕಲ್ಲು, ದೇವರು ಎಲ್ಲವನ್ನೂ ಹೇರಿದರು. ಎತ್ತು ಬಂಡಿ ಎಳೆದವು, ನಾಯಿ ಹಿಂದೆ ಓಡಿತು. ಬೆಕ್ಕನ್ನು ಅತ್ತೆ ಚೀಲದಲ್ಲಿ ಕಟ್ಟಿ ಒಯ್ದಳು. ಹೊಸ ಮನೆಯ ಅಂಗಳದಲ್ಲಿ ಚೀಲ ಬಿಚ್ಚಿದ ಕ್ಷಣಕ್ಕೆ ಅದು ಓಡಿತು. ಸಿಗಲಿಲ್ಲ. ಗುಳೆ ಹೋಗುವ ಕಾಲಕ್ಕೆ ಕೀಲಿ ಬೀಳುವ ಮನೆಗಳ ಬೆಕ್ಕುಗಳ ಕಥೆಯೂ ಬೇರೆಯಲ್ಲ. ಅವು ತಿಂಗಳುಗಟ್ಟಲೆ ತಿಪ್ಪೆಯಲ್ಲಿ ಬದುಕಿ ಮರಿ ಹಾಕುತ್ತವೆ, ಆ ಮರಿಗಳು ಮನುಷ್ಯರ ಕೈಯನ್ನು ಕಾಣದೆ ದೊಡ್ಡವಾಗುತ್ತವೆ.

ಅಂಥದ್ದೊಂದು ಹೆಣ್ಣು ಬೆಕ್ಕಿಗೆ ಮನೆ ಹುಡುಕುವ ಕೆಲಸ ಹೋದ ವರ್ಷ ನನ್ನ ಪಾಲಿಗೆ ಬಂತು. ವಿಜಯಪುರದಲ್ಲಿ ಬಿಡಾಡಿ ಪ್ರಾಣಿಗಳಿಗೆ ಆಸರೆ ಕೊಡುವ ಕೆಲವು ಹುಡುಗರು, ಒಯ್ದವರೆಲ್ಲ ಅದನ್ನು ವಾಪಸು ತಂದುಕೊಡುತ್ತಾರೆ ಎಂದು ಬೇಸತ್ತಿದ್ದರು. ಮಂಚದ ಕೆಳಗೆ ಸೇರಿದರೆ ಹೊರಬರುವುದಿಲ್ಲ, ಮಕ್ಕಳ ಕೈಗೆ ಬರುವುದಿಲ್ಲ, ಇದೇ ದೂರು. ನಾನು ಮೊದಲು ಮುದ್ದೇಬಿಹಾಳದ ನೆಂಟರನ್ನು, ಸಿಂದಗಿಯ ಹಳೆಯ ಸಹೋದ್ಯೋಗಿಗಳನ್ನು ಕೇಳಿದೆ. ಅವರದು ಒಳ್ಳೆಯ ಮನಸ್ಸೇ. ಆದರೆ ತೊಡೆಯ ಮೇಲೆ ಕೂರುವ ಬೆಕ್ಕು ಬೇಕು. ಇನ್ನೊಂದು ತೊಡಕು ಊಟದ್ದು. ನಮ್ಮ ಲಿಂಗಾಯತ ಮನೆಗಳಲ್ಲಿ ಮಾಂಸ ಮೊಟ್ಟೆ ಒಳಗೆ ಬರುವುದಿಲ್ಲ. ಹಿಂದೆ ಬೆಕ್ಕು ರೊಟ್ಟಿ ಹಾಲಿನ ಮೇಲೆ ಇಲಿ ಹಿಡಿದು ತನ್ನ ಮೈ ತಾನೇ ನೋಡಿಕೊಳ್ಳುತ್ತಿತ್ತು. ಇಲಿ ಇಲ್ಲದ ಆರ್‌ಸಿಸಿ ಮನೆಯಲ್ಲಿ ಬರೀ ಹಾಲು ರೊಟ್ಟಿಗೆ ಬೆಕ್ಕು ಬಾಳುವುದಿಲ್ಲ. ಮಾಂಸದಲ್ಲಿರುವ ಟಾರಿನ್ ಸಿಗದಿದ್ದರೆ ಅದರ ಕಣ್ಣು, ಹೃದಯ ಕೆಡುತ್ತವೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲೂ ಅರಗುವುದಿಲ್ಲ.

ಹಾಗಾಗಿ ಆ ಬೆಕ್ಕನ್ನು ಬದಲಿಸುವ ಮನೆಯನ್ನು ಹುಡುಕುವುದು ಬಿಟ್ಟು, ಅದು ಇದ್ದ ಹಾಗೇ ಇರಬಹುದಾದ ಮನೆ ಹುಡುಕಿದೆ. ಇಂಡಿ ತಾಲ್ಲೂಕಿನಲ್ಲಿ ಲಿಂಬೆ ತೋಟ ಮಾಡಿರುವ ಹಳೆಯ ವಿದ್ಯಾರ್ಥಿಯೊಬ್ಬ ಒಪ್ಪಿದ. ತೋಟದ ಮನೆ, ಪಕ್ಕದಲ್ಲಿ ಕಾಳು, ಹೊಟ್ಟು ಇಡುವ ಕೋಣೆ, ಅದಕ್ಕೊಂದು ಅಟ್ಟ. ಚೀಲ ಬಿಚ್ಚಿ ಅಂಗಳಕ್ಕೆ ಬಿಡಬೇಡ ಎಂದು ಮೊದಲೇ ಹೇಳಿದೆ. ಪಶು ಆಸ್ಪತ್ರೆಯಲ್ಲಿ ಮಕ್ಕಳಾಗದ ಆಪರೇಷನ್, ಲಸಿಕೆ ಮುಗಿಸಿ, ಆ ಕೋಣೆಯಲ್ಲೇ ವಾರಗಟ್ಟಲೆ ಬಾಗಿಲು ಹಾಕಿ ಇಟ್ಟರು. ಒಳಗೆ ಒಂದು ರಟ್ಟಿನ ಡಬ್ಬಿ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2014ರಲ್ಲಿ, ಆಸರೆಮನೆಗೆ ಹೊಸದಾಗಿ ಬಂದ ಬೆಕ್ಕಿಗೆ ಅಡಗಲು ಡಬ್ಬಿ ಕೊಟ್ಟರೆ ಬೇಗ ಶಾಂತವಾಗುತ್ತದೆಂದು ತೋರಿಸಿದ್ದರು. ನಮ್ಮ ಅಡಕಲ ಗಡಿಗೆಯ ಹಿಂದಿನ ಸಂದಿಯೂ ಇದೇ ಕೆಲಸ ಮಾಡುತ್ತಿತ್ತು. ಊಟ ದಿನಾ ಒಂದೇ ಹೊತ್ತಿಗೆ, ಒಬ್ಬರೇ ಇಡುವುದು. ಮುಖವನ್ನು ದಿಟ್ಟಿಸುವಂತಿಲ್ಲ, ಕೈ ಚಾಚುವಂತಿಲ್ಲ. ಅವನ ಹೆಂಡತಿ ಊಟವಿಟ್ಟು, ಅಲ್ಲೇ ಕೂತು ತೊಗರಿ ಹಸನು ಮಾಡಿಕೊಂಡಿರುತ್ತಿದ್ದಳು.

ಬಾಗಿಲು ತೆರೆದ ಮೇಲೂ ಬೆಕ್ಕು ಓಡಲಿಲ್ಲ. ಈಗ ರಾತ್ರಿ ತೋಟ ಸುತ್ತುತ್ತದೆ, ಹಗಲು ಅಟ್ಟದಲ್ಲಿ ಮಲಗುತ್ತದೆ, ತೊಗರಿ ಹಸನು ಮಾಡುವ ಹೊತ್ತಿಗೆ ಇಳಿದು ಬಂದು ಮಾರು ದೂರದಲ್ಲಿ ಕೂರುತ್ತದೆ. ಕೈಗೆ ಬಂದಿಲ್ಲ. ಮೊನ್ನೆ ಅವನೇ ಫೋನ್ ಮಾಡಿದ್ದ. ‘ಅಕ್ಕೋರ, ಇಂಥದ್ದು ಇನ್ನೊಂದಿದ್ರ ಹೇಳ್ರಿ. ದನದ ಕೊಟ್ಟಿಗಿ ಕಡೆ ಇಲಿ ಭಾಳ ಅದಾವ, ಇದೊಂದೇ ಎಲ್ಲಿ ಅಂತ ನೋಡೀತು?’